ಯಲಹಂಕಕ್ಕೆ ಒಂದು ಕಾಲುದಾರಿ ಬೇಕು: ಬಹಿರಂಗ ಪತ್ರ

ಬೆಂಗಳೂರಿನ ಉತ್ತರದಂಚಿನ ರಸ್ತೆ, ರೈಲು ಮತ್ತು ಕೆರೆಗಳ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ, ಜನಪ್ರತಿನಿಧಿಗಳಿಗೆ, ಹಾಗೂ ಆ ದಾರಿಯಲ್ಲಿ ದಿನವೂ ಹಾದುಹೋಗುವ ಎಲ್ಲರಿಗೆ,

ಮಾನ್ಯರೇ,

ಕಳೆದ ತಿಂಗಳು ಒಂದು ಮಂಗಳವಾರ ಬೆಳಗ್ಗೆ ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಿಂದ ಪ್ಯಾಸೆಂಜರ್ ಗಾಡಿ ಹತ್ತಿ ಯಲಹಂಕಕ್ಕೆ ಹೋಗಿದ್ದೆ. ಹಳೇ ಊರಿನಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಅವರಿಗೀಗ 78 ವರ್ಷ. ಇಷ್ಟು ವರ್ಷ ಅವರನ್ನು ನೋಡಲು ಹೋದಾಗಲೆಲ್ಲ ಕಾರಿನಲ್ಲಿ ಹೋಗಿ, ಅವರ ಮನೆ ಬಾಗಿಲಲ್ಲೇ ಇಳಿದು, ಊಟ ಮುಗಿಸಿ ಅದೇ ಕಾರಿನಲ್ಲಿ ಮರಳುತ್ತಿದ್ದೆ. ಹಾಗಾಗಿ ಯಲಹಂಕವನ್ನು ಬಲ್ಲೆನೆಂದು ನಂಬಿಕೊಂಡಿದ್ದ ನನಗೆ, ಕಾರಿಲ್ಲದೆ ಹೋದ ಆ ಒಂದು ದಿನ ಊರನ್ನು ಹೊಸದಾಗಿ ಕಂಡಂತಾಯಿತು. ಆ ದಿನ ಕಂಡದ್ದನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕೋರಿಕೆ ಒಂದೇ. ಯಲಹಂಕಕ್ಕೆ ತನ್ನದೇ ಆದ ನಡುವೂರಿದೆ, ಕೆರೆಯಿದೆ, ರೈಲು ನಿಲ್ದಾಣವಿದೆ. ಈ ಮೂರನ್ನೂ ಒಬ್ಬ ಮುದುಕಿ, ಒಂದು ಮಗು, ಊರಿಗೆ ಹೊಸಬರಾದ ಒಬ್ಬ ನೆಂಟರು ಅಂಜಿಕೆಯಿಲ್ಲದೆ ನಡೆದು ತಲುಪುವಂತೆ ಮಾಡಿಕೊಡಿ.

ರೈಲಿನ ಪ್ರಯಾಣದ ಬಗ್ಗೆ ದೂರುವುದಕ್ಕೆ ಏನೂ ಇಲ್ಲ. ಮಲ್ಲೇಶ್ವರ, ಯಶವಂತಪುರ, ಲೊಟ್ಟೆಗೊಲ್ಲಹಳ್ಳಿ, ಕೊಡಿಗೇಹಳ್ಳಿ ದಾಟಿ ಗಾಡಿ ಯಲಹಂಕ ಜಂಕ್ಷನ್ನಿಗೆ ಬಂದು ನಿಂತಾಗ, ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ಅದೇ ಹೊತ್ತಿಗೆ ಬಸ್ಸು ಕಾರುಗಳಲ್ಲಿ ಕುಳಿತು ಬೆವರುತ್ತಿದ್ದವರನ್ನು ನೆನೆದು ಮನಸ್ಸಿಗೆ ಹಗುರವೆನಿಸಿತು. ಹಿಂದೂಪುರ, ಗುಂತಕಲ್ಲಿನ ಕಡೆಗೆ ಹೋಗುವ ಹಳಿಯೂ ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆಗೆ ಹೋಗುವ ಹಳಿಯೂ ಕವಲೊಡೆಯುವುದು ಇಲ್ಲಿಯೇ. ಚಿಕ್ಕಬಳ್ಳಾಪುರದ ಕಡೆಗೆ ಕಿರುಹಳಿಯ ಪುಟ್ಟ ರೈಲು ಓಡುತ್ತಿದ್ದ ದಿನಗಳನ್ನು ಚಿಕ್ಕಮ್ಮ ಇಂದಿಗೂ ನೆನೆಯುತ್ತಾರೆ. ಏರು ಬಂದಲ್ಲಿ ಅದು ಎಷ್ಟು ನಿಧಾನವಾಗುತ್ತಿತ್ತೆಂದರೆ, ಹುಡುಗರು ಇಳಿದು ಜೊತೆಗೇ ಓಡಿ ಮತ್ತೆ ಹತ್ತಿಕೊಳ್ಳುತ್ತಿದ್ದರಂತೆ. 1984ರಲ್ಲಿ ಆರಂಭವಾದ ರೈಲು ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಇರುವುದೂ ಈ ಊರಿನಲ್ಲಿಯೇ. ದೇಶದ ಯಾವುದೋ ಮೂಲೆಯಲ್ಲಿ ಉರುಳುವ ಗಾಲಿ ಯಲಹಂಕದಲ್ಲಿ ಎರಕಗೊಂಡದ್ದಾಗಿರಬಹುದು. ರೈಲಿನೊಂದಿಗೆ ಇಷ್ಟು ಹಳೆಯ, ಇಷ್ಟು ಗಾಢವಾದ ನಂಟಿರುವ ಊರಿನಲ್ಲಿ ರೈಲಿಳಿದವರು ಊರೊಳಕ್ಕೆ ಹೋಗುವ ದಾರಿ ಹೇಗಿರಬೇಕಿತ್ತು ಎಂಬುದನ್ನು ತಾವೇ ಯೋಚಿಸಿ.

ನಿಲ್ದಾಣದಿಂದ ಹೊರಬಿದ್ದ ಕೂಡಲೇ ಆಟೋದವರು ಸುತ್ತುವರಿದರು. ನಡೆದೇ ಹೋಗುತ್ತೇನೆಂದಾಗ ಅವರಲ್ಲೊಬ್ಬರು, "ಅಮ್ಮಾ, ದೂರ ಏನೂ ಇಲ್ಲ, ಆದರೆ ನಡೆಯೋಕೆ ಆಗಲ್ಲ" ಎಂದರು. ವ್ಯಾಪಾರಕ್ಕಾಗಿ ಹೇಳಿದ ಮಾತೆಂದು ಮೊದಲು ಅನ್ನಿಸಿತು. ಹತ್ತು ನಿಮಿಷ ನಡೆದ ಮೇಲೆ ಅದು ನಿಜದ ಮಾತೆಂದು ತಿಳಿಯಿತು. ಕಾಲುದಾರಿ ಒಂದಿಷ್ಟು ದೂರ ಇರುತ್ತದೆ, ಆಮೇಲೆ ಇರುವುದಿಲ್ಲ. ಇರುವಲ್ಲಿ ಚರಂಡಿಯ ಮೇಲಿನ ಚಪ್ಪಡಿಕಲ್ಲು ಒಂದು ಮೇಲೆದ್ದಿದ್ದರೆ ಪಕ್ಕದ್ದು ಕುಸಿದಿರುತ್ತದೆ. ಒಂದು ಕಡೆ ಕಾಲುದಾರಿಯ ಇಡೀ ಅಗಲಕ್ಕೆ ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಕಟ್ಟೆ ಕಟ್ಟಿ, ಸುತ್ತ ತಂತಿಬೇಲಿ ಹಾಕಲಾಗಿದೆ. ಅಲ್ಲಿಗೆ ಬಂದವರೆಲ್ಲರೂ ರಸ್ತೆಗೆ ಇಳಿಯಲೇಬೇಕು. ಆ ಜಾಗದಲ್ಲಿ ನಾನು ಐದು ನಿಮಿಷ ನಿಂತು ನೋಡಿದೆ. ಸಮವಸ್ತ್ರ ತೊಟ್ಟ ಒಬ್ಬ ಹುಡುಗಿ, ತನ್ನ ತಮ್ಮನನ್ನು ರಸ್ತೆಯ ಕಡೆಯಿಂದ ಚರಂಡಿಯ ಕಡೆಗೆ ಬದಲಾಯಿಸಿಕೊಂಡು, ಹಿಂದೆ ಬರುವ ವಾಹನಕ್ಕೆ ತನ್ನ ಬೆನ್ನನ್ನೇ ಅಡ್ಡವಾಗಿಟ್ಟು, ಆ ಬೇಲಿಯನ್ನು ಸುತ್ತಿಕೊಂಡು ಹೋದಳು. ಅವಳಿಗೆ ಹತ್ತು ವರ್ಷವಿರಬಹುದು. ಯಾರೂ ಹೇಳದೆಯೇ ಅವಳ ಕೈ ತಾನಾಗಿ ತಮ್ಮನನ್ನು ಪಕ್ಕಕ್ಕೆ ಎಳೆದುಕೊಂಡ ರೀತಿಯಿಂದ, ಅದು ಅವಳಿಗೆ ನಿತ್ಯದ ಅಭ್ಯಾಸವೆಂದು ತಿಳಿಯುತ್ತಿತ್ತು. ಇಷ್ಟು ಎಳೆಯ ಮಗುವಿಗೆ ಈ ಅಭ್ಯಾಸ ಆಗಬಾರದಿತ್ತು. ಆ ಕಟ್ಟೆಯನ್ನು ಮೂರಡಿ ಹಿಂದಕ್ಕೆ ಸರಿಸುವ ಕೆಲಸ ಯಾವ ಇಲಾಖೆಯದು ಎಂಬುದರ ಗೊಡವೆ ಅವಳಿಗೆ ಬೇಕಿಲ್ಲ. ತಾವು ತಮ್ಮೊಳಗೆ ಅದನ್ನು ತೀರ್ಮಾನಿಸಿಕೊಂಡರೆ ಸಾಕು.

ಮನೆ ಸೇರಿದಾಗ ಚಿಕ್ಕಮ್ಮ ಗಾಬರಿಯಿಂದ, "ನಡೆದುಕೊಂಡು ಬಂದೆಯಾ?" ಎಂದು ಕೇಳಿದರು. ಇದೇ ಚಿಕ್ಕಮ್ಮ ಮದುವೆಯಾಗಿ ಈ ಊರಿಗೆ ಬಂದ ಮೇಲೆ ಎಷ್ಟೋ ವರ್ಷ ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದು ನಿಲ್ದಾಣಕ್ಕೆ ನಡೆದು, ರೈಲು ಹತ್ತಿ ತವರಿಗೆ ಹೋಗಿಬರುತ್ತಿದ್ದವರು. ಈಗ ಬೀದಿಯ ಕೊನೆಯ ಔಷಧಿ ಅಂಗಡಿಗೆ ಹೋಗಬೇಕಾದರೂ ಮೊಮ್ಮಗ ಕಾಲೇಜಿನಿಂದ ಬರಲೆಂದು ಕಾಯುತ್ತಾರೆ. ಮಂಡಿನೋವು ಇದೆ, ನಿಜ. ಆದರೆ ಅವರನ್ನು ಮನೆಯಲ್ಲಿ ಕಟ್ಟಿಹಾಕಿರುವುದು ಮಂಡಿಗಿಂತ ಹೆಚ್ಚಾಗಿ ರಸ್ತೆ. ಮನೆಯೊಳಗೆ ಅವರು ಚೆನ್ನಾಗಿಯೇ ಓಡಾಡುತ್ತಾರೆ, ಮಹಡಿಯ ಮೆಟ್ಟಿಲು ಹತ್ತಿ ಬಟ್ಟೆ ಒಣಹಾಕಿ ಬರುತ್ತಾರೆ.

ಈ ಊರು ಯಾವುದೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಯಲಹಂಕವನ್ನು ಇಂದು ಕಾಣುತ್ತಿರುವ ಬಗೆಯಲ್ಲಿಯೇ ತೊಡಕು ಇದೆಯೆಂದು ನನಗೆ ತೋರುತ್ತದೆ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಈ ಸೀಮೆಗೆ ಇಲೈಪಾಕ್ಕ ನಾಡು ಎಂಬ ಹೆಸರಿದೆ. ಆವತಿಯ ಕಡೆಯಿಂದ ಬಂದ ಗೌಡರ ಮನೆತನದ ಒಂದು ಕವಲು ವಿಜಯನಗರದ ಆಶ್ರಯದಲ್ಲಿ ಇಲ್ಲಿ ನೆಲೆನಿಂತು ಯಲಹಂಕ ನಾಡಪ್ರಭುಗಳೆಂದು ಹೆಸರಾಯಿತು. ಅದೇ ಮನೆತನದ ಕೆಂಪೇಗೌಡರು 1537ರಲ್ಲಿ ದಕ್ಷಿಣಕ್ಕೆ ಹೋಗಿ ಬೆಂಗಳೂರಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿದರು. ಅಂದರೆ ಯಲಹಂಕ ಬೆಂಗಳೂರಿನ ಅಂಚಿನಲ್ಲಿ ಬೆಳೆದ ಬಡಾವಣೆಯಲ್ಲ. ಬೆಂಗಳೂರನ್ನು ಕಟ್ಟಿದವರು ಹೊರಟು ಬಂದ ಊರು ಅದು. ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಗಡಿಗೋಪುರಗಳಲ್ಲಿ ಉತ್ತರದ್ದು ಮೇಖ್ರಿ ವೃತ್ತದ ಬಳಿ ಇಂದಿಗೂ ನಿಂತಿದೆ. ನಗರ ಆ ಗೋಪುರವನ್ನು ಎಂದೋ ದಾಟಿ, ಹೆಬ್ಬಾಳವನ್ನು ದಾಟಿ, ಜಕ್ಕೂರನ್ನು ದಾಟಿ, ಯಲಹಂಕವನ್ನೂ ಒಳಗೆ ಮಾಡಿಕೊಂಡು ದೇವನಹಳ್ಳಿಯ ಕಡೆಗೆ ಸಾಗಿದೆ.

ಊರನ್ನು ನಾವು ಉಪನಗರ ಎನ್ನುತ್ತೇವೆ. ಬಸ್ಸಿನ ಫಲಕದಲ್ಲಿಯೂ ಯಲಹಂಕ ಉಪನಗರ ಎಂದೇ ಇರುತ್ತದೆ. ಹಳೇ ಊರಿನ ಪಕ್ಕದಲ್ಲಿ ಹೊಸದಾಗಿ ಬೆಳೆದ ಬಡಾವಣೆಗೆ ಇಟ್ಟ ಹೆಸರು ಅದು. ಜನರ ಬಾಯಲ್ಲಿ ಅದು ನ್ಯೂ ಟೌನ್, ಹಳೆಯದು ಓಲ್ಡ್ ಟೌನ್. ಉಪ ಎಂಬುದಕ್ಕೆ ಹತ್ತಿರ ಎಂಬ ಅರ್ಥವೂ ಇದೆ, ಕಿರಿದು, ಅಧೀನ ಎಂಬ ಅರ್ಥವೂ ಇದೆ. ಉಪನಿಷತ್ತಿನ ಉಪ ಹತ್ತಿರ ಕುಳಿತುಕೊಳ್ಳುವುದನ್ನು ಹೇಳಿದರೆ, ಉಪನದಿಯ ಉಪ ದೊಡ್ಡದೊಂದರಲ್ಲಿ ಹೋಗಿ ಸೇರಿಕೊಳ್ಳುವುದನ್ನು ಹೇಳುತ್ತದೆ. ಯಲಹಂಕದ ವಿಷಯದಲ್ಲಿ ಆಡಳಿತ ಬಹುಕಾಲದಿಂದ ಎರಡನೆಯ ಅರ್ಥವನ್ನೇ ಹಿಡಿದಿದೆ. 2007ರವರೆಗೆ ಊರಿಗೆ ತನ್ನದೇ ನಗರಸಭೆ ಇತ್ತು. ಆ ವರ್ಷ ಬೃಹತ್ ಬೆಂಗಳೂರು ರಚನೆಯಾದಾಗ ಬ್ಯಾಟರಾಯನಪುರ, ಕೃಷ್ಣರಾಜಪುರ, ದಾಸರಹಳ್ಳಿ, ಕೆಂಗೇರಿ ಮೊದಲಾದ ನೆರೆಯ ಪಟ್ಟಣಗಳೊಂದಿಗೆ ಅದೂ ಮಹಾನಗರದಲ್ಲಿ ಸೇರಿಹೋಯಿತು. 2025ರ ಸೆಪ್ಟೆಂಬರಿನಿಂದ ಒಂದು ಪಾಲಿಕೆ ಐದಾಗಿ, ಯಲಹಂಕ ಉತ್ತರ ನಗರ ಪಾಲಿಕೆಯ ಪಾಲಿಗೆ ಬಂದಿದೆ. ಆಡಳಿತ ಜನರ ಹತ್ತಿರಕ್ಕೆ ಬರಲೆಂದೇ ಈ ವಿಂಗಡಣೆ ನಡೆದಿರುವಾಗ, ಉಪ ಎಂಬ ಮಾತಿಗೆ ಅದರ ಮೊದಲನೆಯ ಅರ್ಥವನ್ನು ಮರಳಿ ಕೊಡುವ ಅವಕಾಶ ಈಗ ತಮ್ಮ ಕೈಯಲ್ಲಿದೆ.

ಊರನ್ನು ದಾರಿಯೆಂದಷ್ಟೇ ಕಂಡರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿ ರಸ್ತೆಯೇ ಸಾಕ್ಷಿ. 2008ರಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ತೆರೆದ ಮೇಲೆ ಈ ರಸ್ತೆಯ ಮೇಲೆ ಬಿದ್ದ ಹೊರೆ ಸಣ್ಣದಲ್ಲ. ಅದಕ್ಕೆ ಪರಿಹಾರವಾಗಿ ಹೆಬ್ಬಾಳದಿಂದಾಚೆಗೆ ಎತ್ತರಿಸಿದ ಹೆದ್ದಾರಿ ಬಂತು. ವಿಮಾನ ಹಿಡಿಯುವವರಿಗೆ ಅದರಿಂದ ಅನುಕೂಲವಾಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ, ನಾನೂ ಅದರ ಮೇಲೆ ಹೋಗಿದ್ದೇನೆ. ಆದರೆ ಮೇಲೆ ಹೋಗುವವರಿಗೆ ಸಿಕ್ಕ ವೇಗದ ಬೆಲೆಯನ್ನು ಕೆಳಗೆ ರಸ್ತೆ ದಾಟುವವರು ತೆರುತ್ತಿದ್ದಾರೆ. ಕೋಗಿಲು ಕ್ರಾಸಿನ ಬಳಿ ಬಸ್ಸಿಳಿದು ಎದುರು ಬದಿಗೆ ಹೋಗಲು ನಿಂತವರ ಮುಖವನ್ನು ಒಂದು ಸಂಜೆ ನಿಂತು ನೋಡಿದರೆ ಇದಕ್ಕೆ ಬೇರೆ ಪುರಾವೆ ಬೇಕಾಗುವುದಿಲ್ಲ. ವಿಮಾನ ನಿಲ್ದಾಣದ ಆವರಣದಲ್ಲಿ 2022ರ ನವೆಂಬರಿನಲ್ಲಿ ಕೆಂಪೇಗೌಡರ 108 ಅಡಿಯ ಪ್ರತಿಮೆ ಅನಾವರಣಗೊಂಡಿತು. ಅದನ್ನು ನೋಡಲು ನಗರದಿಂದ ಹೋಗುವವರು ಕೆಂಪೇಗೌಡರ ಸ್ವಂತ ಊರನ್ನು ಬದಿಗಿಟ್ಟೇ ಮುಂದೆ ಸಾಗುತ್ತಾರೆ. ಶಾಲೆಯಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವಳಾಗಿ ನನಗೆ ಇದು ಬಹಳ ನೋವು ತರುವ ಸಂಗತಿ. ಹಳೇ ಊರಿನಲ್ಲಿ ಆ ದಿನ ನಾನು ನಡೆದ ಬೀದಿಗಳಲ್ಲಿ, ಇದು ನಾಡಪ್ರಭುಗಳ ಊರೆಂದು ಮಗುವೊಂದಕ್ಕೆ ತೋರಿಸಿ ಓದಿಸಬಹುದಾದ ಒಂದು ಫಲಕವೂ ಕಣ್ಣಿಗೆ ಬೀಳಲಿಲ್ಲ. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಶಾಸನತಜ್ಞ ಬಿ. ಎಲ್. ರೈಸರು ಸಂಗ್ರಹಿಸಿ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಮಾಲೆಯ ಒಂಬತ್ತನೆಯ ಸಂಪುಟವಾಗಿ 1905ರಲ್ಲಿಯೇ ಅಚ್ಚು ಹಾಕಿಸಿದರು. ಹೆಬ್ಬಾಳದ ಕಿಟ್ಟಯ್ಯನ ವೀರಗಲ್ಲು, ಎಂಟನೆಯ ಶತಮಾನದ್ದು, ಅಲ್ಲಿನ ನಾಗರಿಕರ ಕಾಳಜಿಯಿಂದ ಉಳಿಯಿತು. ಅಂಥ ಕಾಳಜಿ ಯಲಹಂಕದ ಜನರಲ್ಲಿಯೂ ಇದೆ. ನಾಲ್ಕು ಕಡೆ ನಾಲ್ಕು ಫಲಕ, ಕನ್ನಡದಲ್ಲಿ, ತಪ್ಪಿಲ್ಲದೆ ಬರೆಸಿ ನಿಲ್ಲಿಸುವುದು ತಮಗೆ ಒಂದು ವಾರದ ಕೆಲಸ. ಇದರ ಬಗ್ಗೆ ಇನ್ನು ಹೆಚ್ಚು ಹೇಳುವುದಿಲ್ಲ.

ಹೆಚ್ಚು ಹೇಳಬೇಕಾದದ್ದು ಕೆರೆಯ ವಿಷಯ. ಊಟವಾದ ಮೇಲೆ ಚಿಕ್ಕಮ್ಮನ ಮೊಮ್ಮಗ ನನ್ನನ್ನು ಯಲಹಂಕ ಕೆರೆಯ ಕಡೆಗೆ ಕರೆದುಕೊಂಡು ಹೋದ. ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ನೀರಿನ ಮೇಲೆ ಗಾಳಿ ಬೀಸಿದಾಗ ಊರಿನ ಸದ್ದೆಲ್ಲ ಒಂದು ಕ್ಷಣ ಹಿಂದಕ್ಕೆ ಸರಿದಂತೆ ಆಗುತ್ತಿತ್ತು. ಒಣಗಿದ ಮರದ ಕೊಂಬೆಯ ಮೇಲೆ ಹಾವಕ್ಕಿಯೊಂದು ರೆಕ್ಕೆ ಎರಡೂ ಬಿಚ್ಚಿ, ತೋಳಿನ ಮೇಲೆ ಸೀರೆ ಒಣಗಿಸಿಕೊಳ್ಳುವವರಂತೆ ಅಲ್ಲಾಡದೆ ಕುಳಿತಿತ್ತು. ಅದರ ರೆಕ್ಕೆಯ ತುದಿಯಿಂದ ನೀರು ತೊಟ್ಟಿಕ್ಕುವುದು ನಿಂತ ಮೇಲೂ ಅದು ಹಾಗೆಯೇ ಇತ್ತು. ಇಂಥ ಹಕ್ಕಿಗಳ ನೆಲೆಯೆಂದೇ ಇದೇ ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಮಹಾನಗರದೊಳಗೆ ಇಂಥ ಘೋಷಣೆ ಪಡೆದ ಕೆರೆ ಇರುವುದು ಸಾಮಾನ್ಯ ಸಂಗತಿಯಲ್ಲ, ಅದನ್ನು ಮಾಡಿದವರಿಗೆ ನಾನು ಋಣಿ.

ಕೆರೆಗಳು ಒಂಟಿಯಾಗಿರುವುದಿಲ್ಲ ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಯಲಹಂಕ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಜಕ್ಕೂರು ಕೆರೆಗೆ, ಅದು ತುಂಬಿದರೆ ರಾಚೇನಹಳ್ಳಿ ಕೆರೆಗೆ ಹರಿಯುತ್ತದೆ. ಒಂದರ ಹೆಚ್ಚುವರಿ ಇನ್ನೊಂದರ ಬದುಕು. ನಡುವಿನ ರಾಜಕಾಲುವೆಯ ಅಗಲ ಎಷ್ಟಿರಬೇಕೆಂಬುದನ್ನು ನೂರಾರು ವರ್ಷಗಳ ಮಳೆಯೇ ಗೊತ್ತುಮಾಡಿತ್ತು. ಆ ಅಗಲವನ್ನು ಮನೆ, ರಸ್ತೆ, ಗೋಡೆಗಳು ಕಿರಿದು ಮಾಡಿದ ಫಲವನ್ನು 2021ರ ನವೆಂಬರಿನಲ್ಲಿ ಎಲ್ಲರೂ ಕಂಡೆವು. ಕೆರೆ ತುಂಬಿ ಹರಿದು, ತಗ್ಗಿನಲ್ಲಿದ್ದ ವಸತಿ ಸಮುಚ್ಚಯವೊಂದು ಮುಳುಗಿ, ಅಲ್ಲಿನ ಜನರನ್ನು ದೋಣಿಗಳಲ್ಲಿ ಹೊರಗೆ ತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಅದೇ ಜನ ಮತ್ತೊಮ್ಮೆ ಅದೇ ಪಾಡು ಅನುಭವಿಸಿದರು. ನೀರು ತನ್ನ ಹಳೆಯ ದಾರಿಯಲ್ಲೇ ಬಂದಿತ್ತು. ಕೆರೆಯ ಏರಿಯ ಮೇಲೆ ಅಲಂಕಾರದ ದೀಪ, ಕಲ್ಲಿನ ಆಸನ, ನಡಿಗೆಪಥ ಹಾಕುವ ಉತ್ಸಾಹ ನನಗೂ ಸಂತೋಷವೇ. ಆದರೆ ಕೋಡಿಯಿಂದ ಜಕ್ಕೂರಿನವರೆಗೆ ಕಾಲುವೆಯನ್ನು ಅಳೆದು, ಎಲ್ಲಿ ಎಷ್ಟು ಕಿರಿದಾಗಿದೆ ಎಂದು ಗುರುತುಮಾಡಿ, ಆ ಅಳತೆಯನ್ನು ಊರಿನವರು ನೋಡುವಂತೆ ಪ್ರಕಟಿಸಿ, ಮುಂದಿನ ಮುಂಗಾರಿಗೆ ಮೊದಲು ತೆರವು ಮಾಡಿ. ದೀಪಗಳು ಅದಾದ ಮೇಲೆ ಬರಲಿ. ನನ್ನನ್ನು ಕರೆದೊಯ್ದ ಹುಡುಗ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಇಂಥ ಅಳತೆಯ ಕೆಲಸಕ್ಕೆ ಕರೆದರೆ ಅವನ ತರಗತಿಯ ಇಪ್ಪತ್ತು ಮಂದಿಯೂ ಬರುವುದಾಗಿ ಹೇಳಿದ. ಆ ಮಾತನ್ನು ಅವನ ಒಪ್ಪಿಗೆಯಿಂದಲೇ ಇಲ್ಲಿ ಬರೆದಿದ್ದೇನೆ.

ಏರಿಗೆ ಹೋಗುವ ದಾರಿಯೂ ನಿಲ್ದಾಣದ ದಾರಿಯಂತೆಯೇ ಇದೆ. ಎಂದರೆ, ಹಳೇ ಊರಿನ ಒಬ್ಬ ಅಜ್ಜಿಗೆ ಸಂಜೆ ಹೊತ್ತು ಕೆರೆಯ ಗಾಳಿಗೆ ಹೋಗಿ ಕೂರಬೇಕೆಂಬ ಆಸೆ ಇದ್ದರೆ, ಅವರು ಆಟೋ ಹಿಡಿಯಬೇಕು. ಚಿಕ್ಕಮ್ಮ ಆ ಕೆರೆಯನ್ನು ನೋಡಿ ನಾಲ್ಕು ವರ್ಷವಾಯಿತಂತೆ. ನಾನು ಹಾವಕ್ಕಿಯ ವಿಷಯ ಹೇಳಿದಾಗ, "ಇನ್ನೂ ಬರುತ್ತವಾ?" ಎಂದರು.

ಮಾನ್ಯರೇ, ಈ ಪತ್ರವನ್ನು ಈಗಲೇ ಬರೆಯಲು ಕಾರಣವಿದೆ. ನಾಲ್ಕು ಹೂವಿನ ಹೆಸರಿಟ್ಟಿರುವ ಉಪನಗರ ರೈಲು ಯೋಜನೆಯ ಮಾರ್ಗಗಳು ಒಟ್ಟು 148 ಕಿಲೋಮೀಟರು. ಅವುಗಳಲ್ಲಿ ಸಂಪಿಗೆ ಮತ್ತು ಕನಕ ಎರಡೂ ಯಲಹಂಕವನ್ನು ಮುಟ್ಟುವಂತೆ ಯೋಜನೆಯಾಗಿವೆ. ಮೊದಲನೆಯದು ಮೆಜೆಸ್ಟಿಕ್ಕಿನಿಂದ ದೇವನಹಳ್ಳಿಗೆ, ಎರಡನೆಯದು ಹೀಲಲಿಗೆಯಿಂದ ರಾಜಾನುಕುಂಟೆಗೆ. ಬಳ್ಳಾರಿ ರಸ್ತೆಯ ಉದ್ದಕ್ಕೆ ವಿಮಾನ ನಿಲ್ದಾಣದ ಮೆಟ್ರೊ ಕಂಬಗಳು ಎದ್ದಿವೆ. ಹೀಗೆ ಊರಿನ ಎರಡು ಬದಿಗಳಲ್ಲಿ ಎರಡು ದೊಡ್ಡ ವ್ಯವಸ್ಥೆಗಳು ಬರಲಿರುವಾಗ, ಅವೆರಡರ ನಡುವೆ ಇರುವ ಹಳೇ ಊರಿನೊಳಗಿನ ದಾರಿಯ ನಕ್ಷೆಯನ್ನು ಯಾರು ಬರೆಯುತ್ತಾರೆ? ಹಳಿ ಹಾಕುವವರ ಹೊಣೆ ನಿಲ್ದಾಣದ ಗೇಟಿಗೆ ಮುಗಿಯುತ್ತದೆ, ಕಂಬ ನಿಲ್ಲಿಸುವವರ ಹೊಣೆ ಮೆಟ್ಟಿಲಿನ ಬುಡಕ್ಕೆ ಮುಗಿಯುತ್ತದೆ. ಗೇಟಿನಿಂದ ಮೆಟ್ಟಿಲಿನವರೆಗಿನ ನೆಲ ಪಾಲಿಕೆಯದು, ಅದರಲ್ಲಿ ಒಂದು ಭಾಗ ಹೆದ್ದಾರಿಯವರದ್ದು, ಅದರ ಮೇಲಿನ ಕಟ್ಟೆ ವಿದ್ಯುತ್ತಿನವರದ್ದು, ಕೆಳಗಿನ ಕೊಳವೆ ಜಲಮಂಡಳಿಯದ್ದು. ಇವರೆಲ್ಲರೂ ಒಂದು ಮೇಜಿನ ಸುತ್ತ ಕುಳಿತು, ಮೆಟ್ರೊ ನಿಲ್ದಾಣದಿಂದ ರೈಲು ನಿಲ್ದಾಣದವರೆಗೆ ಹಳೇ ಊರಿನ ಮೂಲಕ ಎಲ್ಲಿಯೂ ತುಂಡಾಗದ, ಗಾಲಿಕುರ್ಚಿಯೂ ಸಾಗಬಲ್ಲ ಒಂದು ಕಾಲುದಾರಿಯನ್ನು, ಅದರಿಂದ ಕೆರೆಯ ಏರಿಗೆ ಹೋಗುವ ಒಂದು ಕವಲನ್ನು, ನಡೆಯಲಾಗದವರಿಗೆ ಅದೇ ದಾರಿಯಲ್ಲಿ ಸುತ್ತುವ ಸಣ್ಣ ಬಸ್ಸನ್ನು ಗೊತ್ತುಪಡಿಸಬೇಕು. ಹಳೇ ಊರಿನ ಬೀದಿಗಳು ಕಿರಿದೆಂಬ ನೆಪ ಬೇಡ. ಅವು ಕಿರಿದಾಗಿರುವುದು ನಡೆಯುವವರಿಗಾಗಿ ಹುಟ್ಟಿದ್ದರಿಂದ. ಅಲ್ಲಿ ವಾಹನ ನಿಲ್ಲಿಸುವುದನ್ನು ಒಂದು ಬದಿಯಲ್ಲಾದರೂ ತಡೆದರೆ ಅರ್ಧ ಕೆಲಸ ಆದಂತೆ. ಇದರಿಂದ ಕೆಲವು ಅಂಗಡಿಯವರಿಗೆ ಮೊದಮೊದಲು ಕಷ್ಟವಾಗುತ್ತದೆಂಬುದನ್ನು ಬಲ್ಲೆ, ಅವರೊಂದಿಗೆ ಕುಳಿತು ಮಾತನಾಡಿಯೇ ಅದನ್ನು ಮಾಡಬೇಕು.

ನಿಲ್ದಾಣದ ಗೋಡೆ ಎದ್ದ ಮೇಲೆ ಅದರ ಬಾಗಿಲನ್ನು ಊರಿನ ಕಡೆಗೆ ತಿರುಗಿಸಲು ಆಗುವುದಿಲ್ಲ. ಬಾಗಿಲು ಯಾವ ಕಡೆಗೆ ಎಂಬುದು ಕಾಗದದ ಮೇಲೆ ಇರುವಾಗಲೇ ಊರಿನವರನ್ನು ಕೇಳಿ. ನಕ್ಷೆಗಳನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಎನ್‌ಇಎಸ್ ಬಸ್ ನಿಲ್ದಾಣದ ಬಳಿ ಒಂದು ತಿಂಗಳು ತೂಗುಹಾಕಿ. ಅಲ್ಲಿ ಬಸ್ಸಿಗೆ ಕಾಯುವ ಹೂ ಮಾರುವವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಶಾಲೆಯ ಮಕ್ಕಳು ಅದನ್ನು ನೋಡಿ, ದಿನವೂ ತಾವು ಎಲ್ಲಿ ಎಡವುತ್ತೇವೆಂದು ಬೆರಳಿಟ್ಟು ತೋರಿಸುತ್ತಾರೆ. ಆ ಮಾಹಿತಿಗೆ ತಾವು ಯಾವ ಸಲಹೆಗಾರರಿಗೂ ಹಣ ಕೊಡಬೇಕಿಲ್ಲ.

ಇಲ್ಲಿ ತಮ್ಮೊಂದಿಗೆ ನನ್ನಂಥ ನಗರವಾಸಿಗಳಿಗೂ ಒಂದು ಮಾತು ಹೇಳಬೇಕು. ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ನಡೆದಾಗ ನಾವು ಯಲಹಂಕದ ಆಕಾಶವನ್ನು ನೋಡಲು ಹೋಗುತ್ತೇವೆ, ಉಳಿದ ದಿನಗಳಲ್ಲಿ ಊರಿನ ಬದಿಯಿಂದ ನಂದಿಬೆಟ್ಟಕ್ಕೆ ಹೋಗುತ್ತೇವೆ. ಒಂದು ರಜಾದಿನ ರೈಲಿನಲ್ಲಿ ಹೋಗಿ ಇಳಿಯಿರಿ. ನೆಂಟರಿದ್ದರೆ ನೆಂಟರ ಮನೆಗೆ, ಇಲ್ಲದಿದ್ದರೆ ಕೆರೆಯ ಏರಿಗೆ ನಡೆಯಿರಿ. ನಡೆಯುವವರ ಸಂಖ್ಯೆ ಕಣ್ಣಿಗೆ ಕಾಣದ ಹೊರತು ನಡೆಯುವ ದಾರಿಗೆ ಹಣ ಹೊರಡುವುದು ಕಷ್ಟ.

ಬರುವ ತಿಂಗಳ ಎರಡನೆಯ ಮಂಗಳವಾರ ಅದೇ ಗಾಡಿಯಲ್ಲಿ ನಾನು ಮತ್ತೆ ಯಲಹಂಕಕ್ಕೆ ಹೋಗುತ್ತೇನೆ. ಈ ಸಲ ಚಿಕ್ಕಮ್ಮನನ್ನು ಮನೆಯಿಂದ ಕೆರೆಯವರೆಗೆ ನಡೆಸಿಕೊಂಡು ಹೋಗುವುದೆಂದು ನಾವು ಮೂವರೂ ಮಾತಾಡಿಕೊಂಡಿದ್ದೇವೆ, ಒಂದು ಮಡಚುವ ಕುರ್ಚಿಯನ್ನೂ ಜೊತೆಗೆ ಒಯ್ಯುತ್ತೇವೆ. ದಾರಿಯಲ್ಲಿ ಅವರು ಎಲ್ಲೆಲ್ಲಿ ನಿಲ್ಲಬೇಕಾಯಿತು, ಎಲ್ಲಿ ರಸ್ತೆಗೆ ಇಳಿಯಬೇಕಾಯಿತು ಎಂಬುದನ್ನು ಬರೆದು, ಫೋಟೊಗಳೊಂದಿಗೆ ತಮ್ಮ ಕಚೇರಿಗಳಿಗೆ ತಲುಪಿಸುತ್ತೇನೆ. ತಮ್ಮಲ್ಲಿ ಯಾರಾದರೂ ಒಬ್ಬರು ಆ ದಿನ ನಮ್ಮೊಂದಿಗೆ ನಡೆಯಲು ಬಂದರೆ, ಟ್ರಾನ್ಸ್‌ಫಾರ್ಮರಿನ ಆ ಕಟ್ಟೆಯ ಬಳಿ ಬೆಳಗ್ಗೆ ಒಂಬತ್ತಕ್ಕೆ ಕಾದಿರುತ್ತೇವೆ.

ಇಂತಿ,
ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕಿ, ಬೆಂಗಳೂರು